ವಿದ್ಯಾರ್ಥಿ ವೀಸಾ: ಗಲ್ಫ್ ದಾರಿಯ ರೂಢಿ ಇಲ್ಲೇಕೆ ಸಾಲದು

ಕಾಸರಗೋಡಿನ ಮನೆಗಳಿಗೆ ವೀಸಾ ಹೊಸ ಸಂಗತಿಯಲ್ಲ. ಮಂಜೇಶ್ವರದಿಂದ ಹೊಸದುರ್ಗದವರೆಗೆ ಗಲ್ಫ್‌ನಲ್ಲಿ ದುಡಿಯುವವರು ಇಲ್ಲದ ಊರು ಅಪರೂಪ. ಆ ದಾರಿಯಲ್ಲಿ ವೀಸಾ ಎಂದರೆ ಅಲ್ಲಿಂದ ಬರುವ ಕಾಗದ. ಅಲ್ಲಿನ ಕಂಪನಿ ಅದನ್ನು ತೆಗೆಯುತ್ತದೆ, ಅಣ್ಣನೋ ಭಾವನೋ ಕಳುಹಿಸಿಕೊಡುತ್ತಾರೆ, ಹೋಗುವವನು ಪಾಸ್‌ಪೋರ್ಟಿನ ಪ್ರತಿ ಕೊಟ್ಟು ಮೆಡಿಕಲ್ ಮಾಡಿಸಿಕೊಂಡರೆ ಉಳಿದದ್ದನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಎರಡು ತಲೆಮಾರು ಈ ಕ್ರಮದಲ್ಲಿ ಬದುಕು ಕಟ್ಟಿಕೊಂಡಿರುವುದರಿಂದ, ಮಗನೋ ಮಗಳೋ ಕೆನಡಾಕ್ಕೋ ಜರ್ಮನಿಗೋ ಓದಲು ಹೊರಟಾಗಲೂ ಮನೆಯವರು ಮೊದಲು ಹುಡುಕುವುದು ‘ವೀಸಾ ಮಾಡಿಸಿಕೊಡುವವರನ್ನು’. ತೊಡಕು ಶುರುವಾಗುವುದು ಅಲ್ಲಿಯೇ. ವಿದ್ಯಾರ್ಥಿ ವೀಸಾವನ್ನು ಯಾರೂ ಕಳುಹಿಸುವುದಿಲ್ಲ. ಅದನ್ನು ವಿದ್ಯಾರ್ಥಿ ತಾನೇ ಕೇಳಬೇಕು, ತಾನೇ ಸಮರ್ಥಿಸಬೇಕು, ಅರ್ಜಿಯ ಪ್ರತಿಯೊಂದು ಸಾಲಿಗೂ ತಾನೇ ಹೊಣೆ ಹೊರಬೇಕು. ಈ ವ್ಯತ್ಯಾಸ ತಿಳಿಯದೆ ಕಳೆದುಕೊಂಡ ಹಣ ಮತ್ತು ವರ್ಷಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಲ್ಲ.

ಈ ಮಾತನ್ನು ಈಗ ಆಡಬೇಕಾಗಿ ಬಂದಿರುವುದಕ್ಕೆ ಕಾರಣವಿದೆ. ಕೇರಳ ವಲಸೆ ಸಮೀಕ್ಷೆಯ ಪ್ರಕಾರ 2018ರಲ್ಲಿ ಸುಮಾರು 1.3 ಲಕ್ಷವಿದ್ದ ವಲಸಿಗ ವಿದ್ಯಾರ್ಥಿಗಳ ಸಂಖ್ಯೆ 2023ಕ್ಕೆ ಸುಮಾರು 2.5 ಲಕ್ಷವಾಗಿದೆ. ಅಂದರೆ ಐದೇ ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಅಮೆರಿಕದಲ್ಲಿ 2024-25ರ ಶೈಕ್ಷಣಿಕ ವರ್ಷದಲ್ಲಿ ಭಾರತದ ವಿದ್ಯಾರ್ಥಿಗಳು 3.63 ಲಕ್ಷ ಇದ್ದರು. ಹೋಗುವವರು ಹೀಗೆ ಹೆಚ್ಚುತ್ತಿದ್ದ ಕಾಲದಲ್ಲಿಯೇ ಆ ದೇಶಗಳು ಬಾಗಿಲನ್ನು ಕಿರಿದು ಮಾಡತೊಡಗಿದವು. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಭಾರತದವರ ಅರ್ಜಿಗಳು ಬೇಗ ಇತ್ಯರ್ಥವಾಗುತ್ತಿದ್ದ ‘ಸ್ಟೂಡೆಂಟ್ ಡೈರೆಕ್ಟ್ ಸ್ಟ್ರೀಮ್’ ಎಂಬ ವ್ಯವಸ್ಥೆಯನ್ನು ಅದೇ ವರ್ಷದ ನವೆಂಬರ್ 8ರಂದು ನಿಲ್ಲಿಸಿತು. ಆಸ್ಟ್ರೇಲಿಯಾ 710 ಆಸ್ಟ್ರೇಲಿಯನ್ ಡಾಲರ್ ಇದ್ದ ವೀಸಾ ಶುಲ್ಕವನ್ನು 2024ರ ಜುಲೈಯಲ್ಲಿ 1,600ಕ್ಕೂ ಮರುವರ್ಷ 2,000ಕ್ಕೂ ಏರಿಸಿತು. ವೀಸಾ ಸಿಗದಿದ್ದರೂ ಆ ಹಣ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ. ಬ್ರಿಟನ್ 2024ರ ಜನವರಿಯಿಂದ, ಸಂಶೋಧನಾ ಪದವಿಯಂಥ ಕೆಲವು ಕೋರ್ಸುಗಳವರನ್ನು ಬಿಟ್ಟು ಉಳಿದವರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆತರುವುದನ್ನು ತಡೆಯಿತು. ಕೆನಡಾ ಸರಕಾರದ ಅಂಕಿಅಂಶಗಳನ್ನು ಆಧರಿಸಿ ರಾಯಿಟರ್ಸ್ ವರದಿ ಮಾಡಿದಂತೆ, 2023ರ ಆಗಸ್ಟ್‌ನಲ್ಲಿ ಭಾರತದಿಂದ ಹೋದ ವಿದ್ಯಾರ್ಥಿ ಅರ್ಜಿಗಳಲ್ಲಿ ತಿರಸ್ಕೃತವಾದವು ನೂರಕ್ಕೆ ಸುಮಾರು 32. 2025ರ ಆಗಸ್ಟ್‌ನಲ್ಲಿ ಸುಮಾರು 74. ಎರಡು ವರ್ಷಗಳ ಹಿಂದೆ ನೆರೆಮನೆಯ ಹುಡುಗ ಹೋದ ಹಾಗೆಯೇ ನಾವೂ ಹೋಗಬಹುದೆಂಬ ಲೆಕ್ಕಾಚಾರಕ್ಕೆ ಈಗ ಆಧಾರವಿಲ್ಲ.

ವಿಶ್ವವಿದ್ಯಾಲಯದ ಪ್ರವೇಶ ಪತ್ರ ಕೈಗೆ ಬಂದ ದಿನ ಮನೆಯಲ್ಲಿ ಸಿಹಿ ಹಂಚುವುದು ಸಹಜ. ಆದರೆ ಆ ಪತ್ರ ವೀಸಾ ಕೇಳುವ ಅರ್ಹತೆಯನ್ನಷ್ಟೇ ಕೊಡುತ್ತದೆ. ಅಮೆರಿಕಕ್ಕೆ ಹೋಗುವವರು ಕಾಲೇಜು ಕೊಡುವ ‘ಐ-20’ ಪತ್ರ ಹಿಡಿದು, 350 ಡಾಲರ್‌ಗಳ ‘ಸೆವಿಸ್’ ಎಂಬ ವಿದ್ಯಾರ್ಥಿ ನೋಂದಣಿ ಶುಲ್ಕ ಕಟ್ಟಿ, ಸಂದರ್ಶನಕ್ಕೆ ಹಾಜರಾಗಬೇಕು. ಕಾಸರಗೋಡಿನವರಿಗೆ ಅದು ಸಾಮಾನ್ಯವಾಗಿ ಚೆನ್ನೈ ಕಾನ್ಸುಲೇಟ್. ಬ್ರಿಟನ್‌ಗೆ ಕಾಲೇಜು ಕೊಡುವ ‘ಕ್ಯಾಸ್’ ಎಂಬ ಪ್ರವೇಶ ದೃಢೀಕರಣದ ಸಂಖ್ಯೆ ಬೇಕು, ಆಸ್ಟ್ರೇಲಿಯಾಕ್ಕೆ ‘ಸಿಒಇ’ ಎಂಬ ದಾಖಲಾತಿ ದೃಢೀಕರಣ ಬೇಕು. ಕೆನಡಾದಲ್ಲಿ ಸಂಸ್ಥೆಯ ಪತ್ರದ ಜೊತೆಗೆ ಆ ಪ್ರಾಂತದ ದೃಢೀಕರಣ ಪತ್ರವನ್ನೂ ಕೇಳುತ್ತಾರೆ. ಸರಕಾರಿ ಸಂಸ್ಥೆಗಳಲ್ಲಿ ಸ್ನಾತಕೋತ್ತರ ಮತ್ತು ಡಾಕ್ಟರೇಟ್ ಓದುವವರಿಗೆ 2026ರಿಂದ ಇದರಲ್ಲಿ ವಿನಾಯಿತಿ ಇದೆ. ಜರ್ಮನಿಗೆ ಹೊರಟವರು 2022ರ ನವೆಂಬರ್‌ನಿಂದ, ವೀಸಾ ಅರ್ಜಿಗೂ ಮೊದಲು, ತಮ್ಮ ಅಂಕಪಟ್ಟಿಗಳು ಅಸಲಿ ಎಂದು ‘ಎಪಿಎಸ್’ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಬೇಕಾಗಿದೆ. ಅದಕ್ಕೆ ತಗಲುವ ವಾರಗಳನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಸೆಮಿಸ್ಟರನ್ನೇ ಕಳೆದುಕೊಳ್ಳುವವರಿದ್ದಾರೆ.

ದೇಶ ಯಾವುದಾದರೂ ವೀಸಾ ಅಧಿಕಾರಿ ಅರ್ಜಿಯಲ್ಲಿ ಹುಡುಕುವುದು ಇಷ್ಟನ್ನು: ಈ ವ್ಯಕ್ತಿ ತಾನು ಹೇಳಿಕೊಂಡವನೇ ಹೌದೆ, ತೋರಿಸಿದ ಹಣ ನಿಜವಾಗಿಯೂ ಓದಿಗೆ ಒದಗುವಂಥದ್ದೆ, ಓದುವುದಕ್ಕೆಂದೇ ಬರುತ್ತಿದ್ದಾನೆಯೆ. ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು ಕಾಸರಗೋಡಿನ ಕುಟುಂಬಗಳಿಗೆ ಬೇರೆ ಊರಿನವರಿಗಿಂತ ಹೆಚ್ಚು ತೊಡಕಿನ ಕೆಲಸ. ಏಜೆಂಟರ ಜಾಹೀರಾತುಗಳಲ್ಲಾಗಲಿ ಯೂಟ್ಯೂಬ್ ವಿಡಿಯೊಗಳಲ್ಲಾಗಲಿ ಈ ತೊಡಕುಗಳ ಪ್ರಸ್ತಾಪವೇ ಬರುವುದಿಲ್ಲವಾದ್ದರಿಂದ ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಮೊದಲು ಹಣದ ವಿಷಯ. ಬ್ರಿಟನ್ 2025ರ ನವೆಂಬರ್ 11ರಿಂದ ಜಾರಿಗೆ ತಂದ ಮೊತ್ತದಂತೆ, ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,171 ಪೌಂಡ್, ಲಂಡನ್ನಿನಲ್ಲಿ ಓದುವವರು 1,529 ಪೌಂಡ್‌ನಂತೆ ಒಂಬತ್ತು ತಿಂಗಳವರೆಗಿನ ಖರ್ಚನ್ನು ತೋರಿಸಬೇಕು. ಲಂಡನ್ನಿನ ಹೊರಗಾದರೆ ಅದು 10,539 ಪೌಂಡ್, ಅಂದರೆ ಹನ್ನೆರಡು ಲಕ್ಷ ರೂಪಾಯಿಗೂ ಮೇಲೆ. ಕಟ್ಟಲು ಬಾಕಿಯಿರುವ ಮೊದಲ ವರ್ಷದ ಕಾಲೇಜು ಶುಲ್ಕ ಇದರ ಮೇಲೆ ಸೇರುತ್ತದೆ. ಈ ಹಣ ಸತತ 28 ದಿನ ಖಾತೆಯಲ್ಲಿರಬೇಕು, ಆ ಅವಧಿಯ ಕೊನೆಯ ದಿನ ಅರ್ಜಿ ಹಾಕುವ ದಿನಕ್ಕಿಂತ 31 ದಿನಗಳಷ್ಟು ಹಿಂದಿನದಾಗಿರಬಾರದು. ಕೆನಡಾ 2025ರ ಸೆಪ್ಟೆಂಬರ್‌ನಿಂದ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಜೀವನ ವೆಚ್ಚಕ್ಕೆ 22,895 ಕೆನಡಿಯನ್ ಡಾಲರ್ ಕೇಳುತ್ತಿದೆ. 2023ರ ಕೊನೆಯವರೆಗೆ ಇದು ಬರೀ 10,000 ಇತ್ತು. ಆಸ್ಟ್ರೇಲಿಯಾ 29,710 ಆಸ್ಟ್ರೇಲಿಯನ್ ಡಾಲರ್ ಕೇಳುತ್ತದೆ. ಜರ್ಮನಿಯಲ್ಲಿ ಬಹುಪಾಲು ಸರಕಾರಿ ವಿಶ್ವವಿದ್ಯಾಲಯಗಳಿಗೆ ಬೋಧನಾ ಶುಲ್ಕವಿಲ್ಲದಿದ್ದರೂ ವರ್ಷಕ್ಕೆ 11,904 ಯೂರೊ ಹಣವನ್ನು ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಗೆ ಮೊದಲೇ ಹಾಕಿಡಬೇಕು. ಅಲ್ಲಿ ತಲುಪಿದ ಮೇಲೆ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ.

ನಮ್ಮ ತೋಟದ ಕುಟುಂಬಗಳು ಇಲ್ಲಿ ಎಡವುತ್ತವೆ. ಬದಿಯಡ್ಕದಲ್ಲೋ ಎಣ್ಮಕಜೆಯಲ್ಲೋ ಐದು ಎಕರೆ ಅಡಿಕೆ ತೋಟವಿರುವ ಮನೆಯನ್ನು ಯಾರೂ ಬಡವರ ಮನೆ ಎನ್ನಲಾರರು. ಆದರೆ ಭೂಮಿಯ ಬೆಲೆಯನ್ನು ವೀಸಾ ಅಧಿಕಾರಿ ಕೈಯಲ್ಲಿರುವ ಹಣವೆಂದು ಎಣಿಸುವುದಿಲ್ಲ; ಚಾರ್ಟರ್ಡ್ ಅಕೌಂಟೆಂಟರಿಂದ ಬರೆಸಿದ ಆಸ್ತಿ ಮೌಲ್ಯದ ಪತ್ರ ಎಷ್ಟೇ ದೊಡ್ಡ ಅಂಕಿ ತೋರಿಸಿದರೂ ಅದು ಬ್ಯಾಂಕ್ ಶಿಲ್ಕಿನ ಬದಲಿಗೆ ನಿಲ್ಲಲಾರದು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವಾದ ಕಾರಣ ಹಲವರು ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಅಡಿಕೆಯ ಆದಾಯ ತಿಂಗಳ ಸಂಬಳದ ಹಾಗೆ ಸಮನಾಗಿ ಬರುವಂಥದ್ದೂ ಅಲ್ಲ. ಧಾರಣೆ ನೋಡಿಕೊಂಡು ಒಮ್ಮೆಗೇ ಮಾರಿದಾಗ ಖಾತೆಗೆ ನಾಲ್ಕೈದು ಲಕ್ಷ ಒಟ್ಟಿಗೇ ಬೀಳುತ್ತದೆ. ನಮ್ಮ ಕಣ್ಣಿಗೆ ತೀರ ಸಾಮಾನ್ಯವಾದ ಈ ಜಮೆ, ಅಡಿಕೆ ಎಂದರೇನೆಂದೇ ತಿಳಿಯದ ಅಧಿಕಾರಿಯ ಕಣ್ಣಿಗೆ ವೀಸಾಕ್ಕಾಗಿ ಯಾರಿಂದಲೋ ತಂದು ತುಂಬಿದ ಹಣದಂತೆ ಕಾಣುತ್ತದೆ. ಪರಿಹಾರ ಕಷ್ಟದ್ದಲ್ಲ, ಆದರೆ ಮುಂಚಿತವಾಗಿ ಮಾಡಬೇಕಾದದ್ದು. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊದ ಶಾಖೆಯೋ ವ್ಯಾಪಾರಿಯೋ ಕೊಟ್ಟ ಬಿಲ್ಲುಗಳು, ಅದೇ ಮೊತ್ತ ಅದೇ ದಿನಾಂಕದ ಆಸುಪಾಸಿನಲ್ಲಿ ಜಮೆಯಾದ ಬ್ಯಾಂಕ್ ಹಾಳೆ, ತೀರ್ವೆ ರಶೀದಿ, ವಿಲೇಜ್ ಆಫೀಸಿನ ಆದಾಯ ಪ್ರಮಾಣಪತ್ರ ಮತ್ತು ಪೊಸೆಶನ್ ಸರ್ಟಿಫಿಕೇಟ್ ಇವುಗಳನ್ನು ಒಂದಕ್ಕೊಂದು ತಾಳೆಯಾಗುವಂತೆ ಜೋಡಿಸಿ, ಒಂದು ಪುಟದ ವಿವರಣೆಯೊಂದಿಗೆ ಕೊಟ್ಟರೆ ಹಣದ ಮೂಲ ಸ್ಪಷ್ಟವಾಗುತ್ತದೆ. ತೋಟವನ್ನು ಈಡಿಟ್ಟು ಶಿಕ್ಷಣ ಸಾಲ ಪಡೆಯುವುದು ಇನ್ನೊಂದು ದಾರಿ. ಸಾಲ ಮಂಜೂರಾತಿ ಪತ್ರವನ್ನು ಹೆಚ್ಚಿನ ದೇಶಗಳು ಒಪ್ಪುತ್ತವೆ. ವಿದೇಶಕ್ಕೆ ಹಣ ಕಳುಹಿಸುವಾಗ ಬ್ಯಾಂಕ್ ಶಿಕ್ಷಣ ಸಾಲದ ಮೊತ್ತಕ್ಕೆ ಮೂಲದಲ್ಲಿ ತೆರಿಗೆ ಹಿಡಿಯುವುದಿಲ್ಲವೆಂಬ ಅನುಕೂಲವೂ ಇದೆ. ಸ್ವಂತ ಹಣವಾದರೆ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ತೆರಿಗೆ ಹಿಡಿಯುತ್ತಾರೆ, ಅದನ್ನು ಮುಂದೆ ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬೇಕು.

ಹಣ ಎಲ್ಲಿದೆ ಎಂಬುದು ಎಷ್ಟಿದೆ ಎಂಬಷ್ಟೇ ಮುಖ್ಯ. ನಮ್ಮ ಹಳ್ಳಿಗಳ ಉಳಿತಾಯ ಹೆಚ್ಚಾಗಿ ಇರುವುದು ಸರ್ವಿಸ್ ಸಹಕಾರಿ ಬ್ಯಾಂಕುಗಳಲ್ಲಿ. ಪರಿಚಯದವರು, ಮನೆಗೆ ಹತ್ತಿರ, ಬಡ್ಡಿಯೂ ತುಸು ಹೆಚ್ಚು. ಅಲ್ಲಿ ಹಣ ಇಟ್ಟವರನ್ನು ತಪ್ಪೆನ್ನುವಂತಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಇವುಗಳಲ್ಲಿ ಬಹುಪಾಲು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಲ್ಲ. ಇಂಥ ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕ್’ ಎಂಬ ಪದ ಬಳಸುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆಯನ್ನೇ ಕೊಟ್ಟಿತ್ತು. ಹಣವಿರುವ ಸಂಸ್ಥೆ ತಾನಿರುವ ದೇಶದ ನಿಯಂತ್ರಕರ ಅಧೀನದಲ್ಲಿರಬೇಕು, ಅದರ ದಾಖಲೆಗಳು ಕಂಪ್ಯೂಟರಿನಲ್ಲಿರಬೇಕು, ವೀಸಾ ಅಧಿಕಾರಿಗಳು ವಿಚಾರಿಸಿದರೆ ಉತ್ತರ ಸಿಗಬೇಕು ಎಂಬುದು ಬ್ರಿಟನ್ನಿನ ನಿಯಮ. ಕೈಬರಹದ ಪಾಸ್‌ಬುಕ್, ಮಲಯಾಳದ ಮೊಹರು ಇರುವ ಠೇವಣಿ ರಶೀದಿ ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಆದ್ದರಿಂದ ಅರ್ಜಿಗೆ ಎರಡು ಮೂರು ತಿಂಗಳಿರುವಾಗಲೇ ಆ ಹಣವನ್ನು ವಾಣಿಜ್ಯ ಬ್ಯಾಂಕಿಗೆ ವರ್ಗಾಯಿಸಿ, ಎಲ್ಲಿಂದ ಬಂತೆಂಬ ಕಾಗದವನ್ನು ಜೋಪಾನ ಮಾಡಿಟ್ಟುಕೊಳ್ಳಬೇಕು. ಆ ಮೇಲಿನ 28 ದಿನಗಳಲ್ಲಿ ಒಂದು ದಿನವೂ ಶಿಲ್ಕು ಇಳಿಯಬಾರದು. ವಾಹನ ಸಾಲದ ಕಂತು ತಾನಾಗಿ ಕಡಿತವಾಗುವ ಖಾತೆಯಲ್ಲಿ ಲೆಕ್ಕಕ್ಕೆ ಸರಿಯಾಗಿ ಹಣ ಇಟ್ಟು, ಇಪ್ಪತ್ತನೆಯ ದಿನ ಕಂತು ಹೋಗಿ ಮೊತ್ತ ನಾಲ್ಕು ಸಾವಿರ ಕಡಿಮೆಯಾದರೂ ಸಾಕು, ಉಳಿದೆಲ್ಲ ಸರಿಯಿರುವ ಅರ್ಜಿ ತಿರಸ್ಕೃತವಾಗುತ್ತದೆ.

ಗಲ್ಫ್‌ನಲ್ಲಿರುವ ಸೋದರಮಾವ ಖರ್ಚು ನೋಡಿಕೊಳ್ಳುವ ಮನೆಗಳಿಗೆ ಇನ್ನೊಂದು ಮಾತು. ಅಳಿಯಕಟ್ಟಿನ ನಮ್ಮ ಸಮುದಾಯಗಳಲ್ಲಿ ಸೋದರಳಿಯನ ಓದಿಗೆ ಮಾವ ಹಣ ಕೊಡುವುದು ತಲೆತಲಾಂತರದ ಸಂಪ್ರದಾಯ. ಬ್ರಿಟನ್ನಿನ ನಿಯಮ ಮಾತ್ರ ವಿದ್ಯಾರ್ಥಿಯ ಸ್ವಂತ ಖಾತೆ, ತಂದೆತಾಯಿಯರ ಅಥವಾ ಕಾನೂನುಬದ್ಧ ಪೋಷಕರ ಖಾತೆ, ಬಾಳಸಂಗಾತಿಯ ಖಾತೆ ಇವಿಷ್ಟನ್ನೇ ಗುರುತಿಸುತ್ತದೆ. ಮಾವನ ಖಾತೆಯಲ್ಲಿ ಕೋಟಿಯಿದ್ದರೂ ಅಲ್ಲಿ ಅದು ಲೆಕ್ಕಕ್ಕಿಲ್ಲ. ಅಮೆರಿಕ ಸಂಬಂಧಿಕರ ಪ್ರಾಯೋಜನೆಯನ್ನು ಒಪ್ಪುತ್ತದೆ, ಆದರೆ ಅವರೇಕೆ ಕೊಡುತ್ತಾರೆ ಎಂಬ ಪ್ರಶ್ನೆ ಸಂದರ್ಶನದಲ್ಲಿ ಬರಬಹುದು. ಮಾವನ ನೆರವಿರುವವರು ಆ ಹಣವನ್ನು ದಾನಪತ್ರದ ಸಹಿತ ಮೊದಲೇ ತಂದೆತಾಯಿಯರ ಅಥವಾ ವಿದ್ಯಾರ್ಥಿಯ ಖಾತೆಗೆ ತರುವುದು ಮೇಲು.

ಹಣದ ಅನಂತರ ಹೆಸರಿನ ಸಮಸ್ಯೆ. ಗಡಿನಾಡಿನಲ್ಲಿ ಕನ್ನಡಿಗರ ಹೆಸರುಗಳು ಕಚೇರಿಯಿಂದ ಕಚೇರಿಗೆ ರೂಪ ಬದಲಿಸುತ್ತವೆ ಎಂಬುದು ಇಲ್ಲಿನವರಿಗೆಲ್ಲ ಗೊತ್ತು. ಮನೆಯಲ್ಲಿ ‘ನಾರಾಯಣ’ ಆಗಿರುವ ತಂದೆ ಪಡಿತರ ಚೀಟಿಯಲ್ಲಿ ‘ನಾರಾಯಣನ್’ ಆಗುತ್ತಾರೆ. ಆಧಾರ್‌ನಲ್ಲಿ ‘ನಾರಾಯಣ ಕೆ.’, ಬ್ಯಾಂಕಿನಲ್ಲಿ ‘ಕೆ. ನಾರಾಯಣ ನಾಯ್ಕ’. ಮುಸ್ಲಿಮರ ಮನೆಗಳಲ್ಲಿ ‘ಮುಹಮ್ಮದ್’ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಾಗಿ ಬರೆಯಲ್ಪಟ್ಟು, ಒಂದು ಕಡೆ ಬರೀ ‘ಎಂ.’ ಆಗಿ ಕುಗ್ಗಿರುತ್ತದೆ. ಊರಿನ ವ್ಯವಹಾರದಲ್ಲಿ ಇದರಿಂದ ತೊಂದರೆಯಿಲ್ಲ, ಎಲ್ಲರೂ ಎಲ್ಲರನ್ನೂ ಬಲ್ಲರು. ವೀಸಾ ಕಡತದಲ್ಲಿ ಮಾತ್ರ, ಮಗಳ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿರುವ ತಂದೆಯೇ ಈ ಬ್ಯಾಂಕ್ ಖಾತೆಯ ಮಾಲೀಕರು ಎಂಬುದನ್ನು ಸಾಬೀತು ಮಾಡದ ಹೊರತು ಖಾತೆಯಲ್ಲಿರುವ ಅಷ್ಟೂ ಹಣ ಯಾರೋ ಅಪರಿಚಿತರದ್ದಾಗಿಬಿಡುತ್ತದೆ. ಕೇರಳದ ವಿಲೇಜ್ ಆಫೀಸುಗಳು ಕೊಡುವ ‘ವನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟ್ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ‘ಅಕ್ಷಯ’ ಎಂಬ ಸರಕಾರಿ ಸೇವಾ ಕೇಂದ್ರದ ಮೂಲಕ ಅರ್ಜಿ ಹಾಕಬಹುದು. ಆದರೆ ಅದು ತೇಪೆ ಮಾತ್ರ. ವಿದ್ಯಾರ್ಥಿಯ ಸ್ವಂತ ಹೆಸರಿನಲ್ಲಿಯೇ ವ್ಯತ್ಯಾಸವಿದ್ದರೆ ಶಾಲಾ ದಾಖಲೆಯನ್ನು ಕೇರಳದ ಶಾಲಾ ಪರೀಕ್ಷಾ ಕಚೇರಿಯಾದ ಪರೀಕ್ಷಾ ಭವನದ ಮೂಲಕ ತಿದ್ದಿಸಿ, ಅನಂತರ ಪಾಸ್‌ಪೋರ್ಟನ್ನು ಅದಕ್ಕೆ ಹೊಂದಿಸುವುದೇ ಸರಿ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ; ಪ್ಲಸ್ ಟು ಮುಗಿಯುವ ಮುನ್ನವೇ ಆರಂಭಿಸಿದರೆ ಮಾತ್ರ ತಕ್ಕ ಸಮಯಕ್ಕೆ ಮುಗಿದೀತು.

ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಬೇಕು, ಹೆಸರು ಮತ್ತು ಉಪನಾಮ ಎರಡೂ ಕಾಲಮ್ಮುಗಳನ್ನು ತುಂಬಿಸಿರಬೇಕು. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿರ್ಧರಿಸಿದಾಗ ನಮ್ಮ ಜಿಲ್ಲೆಯವರಿಗೆ ಇದರ ಬಿಸಿ ತಟ್ಟಿತ್ತು. ಅಮೆರಿಕದ ವೀಸಾದಲ್ಲಿ ಅಂಥವರಿಗೆ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂಬ ಮೂರಕ್ಷರ ಅಚ್ಚಾಗುತ್ತದೆ. ಮುಂದೆ ಬ್ಯಾಂಕ್, ಚಾಲನಾ ಪರವಾನಗಿ, ಕಾಲೇಜಿನ ದಾಖಲೆ ಎಲ್ಲದರಲ್ಲಿಯೂ ಅದು ಬೆನ್ನುಹತ್ತಬಹುದು. ಜಿಲ್ಲೆಯ ಇನ್ನೊಂದು ವಿಶೇಷ ತೊಡಕೆಂದರೆ ದಾಖಲೆಗಳ ಭಾಷೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುದರಿಂದ ಅಜ್ಜನ ಕಾಲದ ದಸ್ತಾವೇಜು ಕನ್ನಡದಲ್ಲಿರುತ್ತದೆ, ಪಾಲುಪಟ್ಟಿ ಮಲಯಾಳದಲ್ಲಿರುತ್ತದೆ, ಇಂಗ್ಲಿಷ್ ಭಾಷಾಂತರ ಎರಡರಿಂದಲೂ ಆಗಬೇಕಾಗುತ್ತದೆ. ಎರಡು ಭಾಷಾಂತರಗಳಲ್ಲಿ ಗ್ರಾಮದ ಹೆಸರು, ಸರ್ವೆ ನಂಬರು, ವ್ಯಕ್ತಿಯ ಹೆಸರು ಒಂದೇ ರೀತಿ ಇವೆಯೇ ಎಂದು ಮನೆಯವರೇ ಕೂತು ಓದಬೇಕು, ಏಕೆಂದರೆ ಭಾಷಾಂತರಕಾರ ಒಂದು ಕಾಗದವನ್ನಷ್ಟೇ ನೋಡುತ್ತಾನೆ, ಇಡೀ ಕಡತವನ್ನಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಪದವಿ ಮಾಡಿದವರಿಗೆ ಅಂಕಪಟ್ಟಿ ಕಣ್ಣೂರು ವಿಶ್ವವಿದ್ಯಾಲಯದಿಂದ, ಗಡಿ ದಾಟಿ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ ಹಲವರಿಗೆ ಬೆಳಗಾವಿಯ ವಿಟಿಯುನಿಂದ ಬರಬೇಕು. ದೃಢೀಕರಣ ಬೇಕಾದಲ್ಲಿ ಪ್ರಮಾಣಪತ್ರ ಕೊಟ್ಟ ರಾಜ್ಯದ ವ್ಯವಸ್ಥೆಯ ಮೂಲಕ ಹೋಗಬೇಕಾಗುವುದರಿಂದ ಇಂಥವರು ಎರಡು ರಾಜ್ಯಗಳ ಕಚೇರಿಗಳಿಗೆ ಅಲೆಯುವ ಪ್ರಮೇಯ ಬರುತ್ತದೆ.

ಓದುವ ಉದ್ದೇಶ ನಿಜವೇ ಎಂಬ ಪ್ರಶ್ನೆಯನ್ನು ಪ್ರತಿಯೊಂದು ದೇಶವೂ ತನ್ನದೇ ರೀತಿಯಲ್ಲಿ ಕೇಳುತ್ತದೆ. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ ಅರ್ಜಿದಾರನು ಅಲ್ಲಿಯೇ ನೆಲೆಸಲು ಬರುವವನು ಎಂದೇ ಅಧಿಕಾರಿ ಭಾವಿಸಿಕೊಂಡು ಆರಂಭಿಸಬೇಕು; ಅಲ್ಲವೆಂದು ಮನವರಿಕೆ ಮಾಡಿಕೊಡುವ ಹೊಣೆ ವಿದ್ಯಾರ್ಥಿಯದು, ಅದಕ್ಕೆ ಸಿಗುವುದು ಕೆಲವೇ ನಿಮಿಷ. ಆಸ್ಟ್ರೇಲಿಯಾ 2024ರ ಮಾರ್ಚ್ 23ರಿಂದ ಉದ್ದುದ್ದ ಪ್ರಬಂಧದ ಬದಲು ಅರ್ಜಿಯಲ್ಲಿಯೇ ನೇರ ಪ್ರಶ್ನೆಗಳನ್ನು ಕೇಳಿ, ಪ್ರತಿಯೊಂದಕ್ಕೂ 150 ಪದಗಳೊಳಗೆ ಉತ್ತರ ಬಯಸುತ್ತಿದೆ. ಏಜೆಂಟರ ಕಚೇರಿಗಳಲ್ಲಿ ಒಂದೇ ಅಚ್ಚಿನಲ್ಲಿ ತಯಾರಾಗುವ ಉದ್ದೇಶಪತ್ರಗಳು ಇಲ್ಲಿ ಬಯಲಾಗುತ್ತವೆ. ಬಿಕಾಂ ಮುಗಿಸಿ ಎರಡು ವರ್ಷ ಸರಕಾರಿ ನೇಮಕಾತಿಯ ಪಿಎಸ್‌ಸಿ ಪರೀಕ್ಷೆಗೆ ಓದಿದ್ದರೆ ಹಾಗೆಯೇ ಬರೆಯುವುದು ಲೇಸು. ಆ ಎರಡು ವರ್ಷಗಳನ್ನು ಮುಚ್ಚಲು ಇಲ್ಲದ ಕಂಪನಿಯ ಅನುಭವಪತ್ರ ಸೃಷ್ಟಿಸುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಸಂದರ್ಶನಕ್ಕೆ ಅಳುಕುವುದನ್ನು ನಾನು ಬಲ್ಲೆ. ಆ ಅಧಿಕಾರಿ ಅಲಂಕಾರದ ಇಂಗ್ಲಿಷನ್ನು ನಿರೀಕ್ಷಿಸುವುದಿಲ್ಲ. ಯಾವ ಕೋರ್ಸು, ಆ ಕಾಲೇಜೇ ಏಕೆ, ಯಾರ ಹಣ, ಓದಿದ ಮೇಲೆ ಏನು ಎಂಬುದಕ್ಕೆ ಸರಳ ವಾಕ್ಯಗಳಲ್ಲಿ ನೇರ ಉತ್ತರ ಸಾಕು. ಯಾರೋ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿದವರು ಎರಡನೆಯ ಪ್ರಶ್ನೆಗೇ ತಡವರಿಸುತ್ತಾರೆ.

ಏಜೆಂಟರ ಬಗ್ಗೆ ಗಂಭೀರವಾಗಿಯೇ ಹೇಳಬೇಕು. ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯ ಅಡಿಯಲ್ಲಿ ನೋಂದಣಿ ಕಡ್ಡಾಯ. ವಿದ್ಯಾರ್ಥಿಗಳನ್ನು ಕಳುಹಿಸುವ ಕನ್ಸಲ್ಟೆನ್ಸಿಗಳು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇವರಲ್ಲಿ ಪ್ರಾಮಾಣಿಕರು ಇದ್ದಾರೆ, ಕಾಗದಪತ್ರ ಹೊಂದಿಸಲು ಅವರ ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಅವರಲ್ಲಿ ಅನೇಕರ ವರಮಾನ ಕಾಲೇಜುಗಳು ಕೊಡುವ ಕಮಿಷನ್ನಿನಿಂದ ಬರುವುದರಿಂದ ಅವರು ಸೂಚಿಸುವ ಕಾಲೇಜು ವಿದ್ಯಾರ್ಥಿಗೆ ಒಳ್ಳೆಯದೇ ಆಗಿರಬೇಕೆಂದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಹೊಣೆಯ ಪ್ರಶ್ನೆ. ಅರ್ಜಿಯಲ್ಲಿ ಸುಳ್ಳು ದಾಖಲೆ ಕಂಡುಬಂದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷ, ಆಸ್ಟ್ರೇಲಿಯಾ ಸಾಮಾನ್ಯವಾಗಿ ಮೂರು ವರ್ಷ ಬಾಗಿಲು ಮುಚ್ಚಬಹುದು. ಅಮೆರಿಕದಲ್ಲಿ ಅದು ಆಜೀವ ನಿಷೇಧವಾಗಬಹುದು. ಆ ನಿಷೇಧ ಬೀಳುವುದು ಏಜೆಂಟನ ಮೇಲಲ್ಲ, ಸಹಿ ಹಾಕಿದ ಇಪ್ಪತ್ತೆರಡರ ಹುಡುಗಿಯ ಮೇಲೆ. 2023ರಲ್ಲಿ ಪಂಜಾಬಿನ ವಿದ್ಯಾರ್ಥಿಗಳು ನಕಲಿ ಪ್ರವೇಶ ಪತ್ರಗಳ ಕಾರಣದಿಂದ ಕೆನಡಾದಲ್ಲಿ ಗಡೀಪಾರಿನ ಭೀತಿ ಎದುರಿಸಿದಾಗ, ತಮಗೆ ಮೋಸವಾಗಿದೆ ಎಂಬುದನ್ನು ಅವರೇ ಸಾಬೀತು ಮಾಡಬೇಕಾಗಿ ಬಂದಿತ್ತು. ಅದೇ ವರ್ಷದ ಡಿಸೆಂಬರ್‌ನಿಂದ ಕೆನಡಾ ಪ್ರತಿ ಪ್ರವೇಶ ಪತ್ರವನ್ನೂ ನೇರವಾಗಿ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುತ್ತಿದೆ. ಕನಿಷ್ಠ ಇಷ್ಟನ್ನು ಪಟ್ಟುಹಿಡಿದು ಕೇಳಬೇಕು: ಅರ್ಜಿಯ ಖಾತೆ ವಿದ್ಯಾರ್ಥಿಯ ಸ್ವಂತ ಇಮೇಲ್‌ನಲ್ಲಿರಲಿ, ಪಾಸ್‌ವರ್ಡ್ ಅವರ ಕೈಯಲ್ಲಿರಲಿ, ಸಲ್ಲಿಸುವ ಮುನ್ನ ತುಂಬಿದ ಅರ್ಜಿಯ ಪೂರ್ತಿ ಪ್ರತಿಯನ್ನು ಅವರು ಓದಲಿ. ಇದಕ್ಕೆ ಒಪ್ಪದ ಕಚೇರಿಯಿಂದ ಎದ್ದು ಬರುವುದೇ ಕ್ಷೇಮ.

ಅಮೆರಿಕಕ್ಕೆ ಹೋಗುವವರು ಈಗ ತಮ್ಮ ಸಾಮಾಜಿಕ ಜಾಲತಾಣಗಳ ಲೆಕ್ಕವನ್ನೂ ಕೊಡಬೇಕು. ಹಿಂದಿನ ಐದು ವರ್ಷಗಳಲ್ಲಿ ಬಳಸಿದ ಖಾತೆಗಳ ಹೆಸರುಗಳನ್ನು ಡಿಎಸ್-160 ಎಂಬ ವೀಸಾ ಅರ್ಜಿಯಲ್ಲಿ ಬರೆಯಬೇಕೆಂಬ ನಿಯಮ 2019ರಿಂದಲೇ ಇತ್ತು. 2025ರ ಜೂನ್‌ನಿಂದ ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದೂ ಸೂಚಿಸಲಾಗಿದೆ. ಖಾಸಗಿ ಬದುಕಿನ ಮೇಲೆ ಇದು ಅತಿಕ್ರಮಣ ಎಂದೇ ನನ್ನ ಅಭಿಪ್ರಾಯ. ಆದರೂ ಅರ್ಜಿ ಹಾಕುವವರು ಖಾತೆಯನ್ನು ಬಚ್ಚಿಡುವುದರಿಂದ ಒಳಿತಾಗದು, ಬಚ್ಚಿಟ್ಟದ್ದು ತಿಳಿದರೆ ಅದು ಸುಳ್ಳು ಹೇಳಿಕೆಯಾಗುತ್ತದೆ.

ವೈದ್ಯಕೀಯ ಓದಿಗೆ ಜಾರ್ಜಿಯಾ, ರಷ್ಯಾ, ಕಜಕಸ್ತಾನಗಳ ಕಡೆ ಮುಖ ಮಾಡುವವರ ಲೆಕ್ಕಾಚಾರ ಬೇರೆ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾಗಿ, ಎಂಬಿಬಿಎಸ್‌ಗೆ 50 ಸೀಟುಗಳ ಅನುಮತಿ ಬಂದದ್ದು 2025ರಲ್ಲಿ ಎಂಬುದನ್ನು ನೆನೆದರೆ ಇಲ್ಲಿನ ಮಕ್ಕಳು ಏಕೆ ಹೊರಗೆ ಹೋದರೆಂಬುದು ಅರ್ಥವಾಗುತ್ತದೆ. ಈ ದೇಶಗಳ ವೀಸಾ ಸಾಮಾನ್ಯವಾಗಿ ಸುಲಭ, ಕಷ್ಟವಿರುವುದು ಹಿಂದಿರುಗಿ ಬಂದ ಮೇಲೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳಂತೆ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು. ಹೋಗುವ ಮೊದಲೇ ನೀಟ್ ಅರ್ಹತೆ ಬೇಕು. ವೀಸಾ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಇಂಥ ಕೋರ್ಸಿಗೆ ಸೇರಬಾರದು.

ವೀಸಾ ಕೈಗೆ ಬಂದ ಮೇಲೆಯೂ ಪ್ರವೇಶ ಖಾತರಿಯಲ್ಲ. ವೀಸಾ ಎಂದರೆ ಆ ದೇಶದ ಗಡಿಯವರೆಗೆ ಹೋಗಿ ಒಳಗೆ ಬಿಡಿ ಎಂದು ಕೇಳುವ ಅನುಮತಿ. ಬಿಡುವುದೋ ಬೇಡವೋ ಎಂಬುದು ಅಲ್ಲಿನ ಅಧಿಕಾರಿಯ ತೀರ್ಮಾನ. ಅಮೆರಿಕಕ್ಕೆ ಕೋರ್ಸು ಆರಂಭವಾಗುವ 30 ದಿನಗಳಿಗಿಂತ ಮೊದಲು ಹೊಸ ವಿದ್ಯಾರ್ಥಿಗಳನ್ನು ಒಳಗೆ ಬಿಡುವುದಿಲ್ಲ. ಮಂಗಳೂರು ಅಥವಾ ಕಣ್ಣೂರಿನಿಂದ ಅಬುಧಾಬಿ ಮಾರ್ಗವಾಗಿ ಹೋಗುವ ನಮ್ಮವರಿಗೆ ಈ ತಪಾಸಣೆ ಅಬುಧಾಬಿಯಲ್ಲಿಯೇ ಆಗುತ್ತದೆ, ಏಕೆಂದರೆ ಅಮೆರಿಕದ ವಲಸೆ ಅಧಿಕಾರಿಗಳು ಆ ವಿಮಾನ ನಿಲ್ದಾಣದಲ್ಲಿ ಕೂತಿದ್ದಾರೆ. ಐ-20, ಪ್ರವೇಶ ಪತ್ರ, ಹಣದ ದಾಖಲೆ ಇವೆಲ್ಲ ಕೈಚೀಲದಲ್ಲಿರಬೇಕು. ಸೂಟ್‌ಕೇಸಿನಲ್ಲಿಟ್ಟು ಚೆಕ್‌ಇನ್ ಮಾಡಿದರೆ ಬೇಕಾದಾಗ ಸಿಗುವುದಿಲ್ಲ. ಕೆನಡಾಕ್ಕೆ ಹೋಗುವವರಿಗೆ ಊರಿನಲ್ಲಿ ಸಿಗುವುದು ವೀಸಾ ಮತ್ತು ಒಂದು ಪರಿಚಯ ಪತ್ರ; ಅಸಲಿ ವಿದ್ಯಾರ್ಥಿ ಪರವಾನಗಿಯನ್ನು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮುದ್ರಿಸಿ ಕೊಡುತ್ತಾರೆ. ಅದರಲ್ಲಿರುವ ಹೆಸರು, ಅವಧಿ, ಷರತ್ತುಗಳನ್ನು ಕೌಂಟರಿನ ಮುಂದೆಯೇ ಓದಿ, ತಪ್ಪಿದ್ದರೆ ಅಲ್ಲಿಯೇ ಹೇಳಬೇಕು. ಬ್ರಿಟನ್ ಈಗ ಪಾಸ್‌ಪೋರ್ಟಿಗೆ ಚೀಟಿ ಅಂಟಿಸುವ ಬದಲು ಇ-ವೀಸಾ ಕೊಡುತ್ತಿರುವುದರಿಂದ ವಿಮಾನ ಹತ್ತುವ ಮೊದಲೇ ಆ ಖಾತೆ ತೆರೆದು ಪಾಸ್‌ಪೋರ್ಟ್ ಸಂಖ್ಯೆ ಜೋಡಣೆಯಾಗಿದೆಯೇ ನೋಡಿಕೊಳ್ಳಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿರುವ ಭಾರತೀಯರಿಗೆ ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಕಡ್ಡಾಯ. ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡ್‌ನಂತೆ ಇಡೀ ಅವಧಿಯ ಹಣವನ್ನು ಅರ್ಜಿಯ ಜೊತೆಗೇ ಕಟ್ಟಬೇಕು.

ತಲುಪಿದ ಮೇಲೆ ಷರತ್ತುಗಳಿವೆ. ಕೆನಡಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಹದಿನಾಲ್ಕು ದಿನಕ್ಕೆ 48 ಗಂಟೆ, ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ವಾರಕ್ಕೆ 20 ಗಂಟೆ ಕೆಲಸದ ಮಿತಿ. ಕೈಯಲ್ಲಿ ನಗದು ಪಡೆದು ಮಿತಿ ಮೀರಿ ದುಡಿದು ಸಾಲ ತೀರಿಸಬಹುದೆಂಬ ಭರವಸೆಯ ಮೇಲೆ ತೋಟ ಈಡಿಡುವವರು ಆ ಭರವಸೆ ಕೊಟ್ಟವರನ್ನು ಎರಡು ಸಲ ಪ್ರಶ್ನಿಸಬೇಕು, ಏಕೆಂದರೆ ಮಿತಿ ಮೀರಿದ್ದು ಗೊತ್ತಾದರೆ ಹೋಗುವುದು ವೀಸಾ, ಉಳಿಯುವುದು ಸಾಲ. ಓದು ಮುಗಿದ ಮೇಲಿನ ಕೆಲಸದ ಅವಧಿಯನ್ನೂ ಬ್ರಿಟನ್ 2027ರ ಜನವರಿ 1ರಿಂದ ಸಲ್ಲಿಕೆಯಾಗುವ ಅರ್ಜಿಗಳಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಸುತ್ತಿದೆ. ಈಗ ಹೊರಡುವವರು ಸಾಲದ ಕಂತಿನ ಲೆಕ್ಕವನ್ನು ಈ ಹೊಸ ಅವಧಿಯಂತೆಯೇ ಹಾಕಬೇಕು.

ವೀಸಾ ತಿರಸ್ಕೃತವಾದರೆ ಮೊದಲು ಮಾಡಬೇಕಾದದ್ದು ಕಾರಣವನ್ನು ಬರಹದಲ್ಲಿ ಓದುವುದು. ಕೆನಡಾ 2025ರ ಜುಲೈಯಿಂದ ವಿದ್ಯಾರ್ಥಿಗಳ ತಿರಸ್ಕಾರ ಪತ್ರಗಳ ಜೊತೆ ಅಧಿಕಾರಿಯ ಟಿಪ್ಪಣಿಯನ್ನೂ ಕಳುಹಿಸಲು ಆರಂಭಿಸಿದೆ. ಬ್ರಿಟನ್ನಿನ ಹೊರಗಿನಿಂದ ಅರ್ಜಿ ಹಾಕಿದವರು 28 ದಿನಗಳೊಳಗೆ 80 ಪೌಂಡ್ ಕಟ್ಟಿ ಮರುಪರಿಶೀಲನೆ ಕೋರಬಹುದು, ಆದರೆ ಅಧಿಕಾರಿ ತಪ್ಪು ಮಾಡಿದ್ದರೆ ಮಾತ್ರ ಅದರಿಂದ ಪ್ರಯೋಜನ. ಜರ್ಮನಿ ಕಾನ್ಸುಲೇಟ್‌ಗೇ ಮೇಲ್ಮನವಿ ಸಲ್ಲಿಸುವ ಅವಕಾಶವನ್ನು 2025ರ ಜುಲೈ 1ರಿಂದ ತೆಗೆದುಹಾಕಿರುವುದರಿಂದ ಇನ್ನು ಹೊಸ ಅರ್ಜಿ ಅಥವಾ ನ್ಯಾಯಾಲಯ ಎಂಬ ಎರಡೇ ದಾರಿಗಳಿವೆ. ಅಮೆರಿಕದ 214(ಬಿ) ತಿರಸ್ಕಾರಕ್ಕೆ ಮೇಲ್ಮನವಿ ಇಲ್ಲ, ಮತ್ತೆ ಅರ್ಜಿ ಹಾಕಬಹುದು. ಪರಿಸ್ಥಿತಿಯಲ್ಲಿ ಏನೂ ಬದಲಾಗದೆ ಮರುವಾರವೇ ಹಾಕಿದರೆ ಮತ್ತೆ ಶುಲ್ಕ ಕಳೆದುಕೊಳ್ಳುವುದಷ್ಟೇ ಆಗುತ್ತದೆ. ಮುಂದೆ ಬೇರೆ ಯಾವ ದೇಶಕ್ಕೆ ಅರ್ಜಿ ಹಾಕುವಾಗಲೂ ‘ಹಿಂದೆ ವೀಸಾ ನಿರಾಕರಣೆಯಾಗಿದೆಯೇ’ ಎಂಬ ಪ್ರಶ್ನೆ ಬಂದಲ್ಲಿ ಹೌದೆಂದೇ ಬರೆದು, ದೇಶ, ದಿನಾಂಕ, ಕಾರಣಗಳನ್ನು ತಿಳಿಸಬೇಕು. ಈ ದೇಶಗಳಲ್ಲಿ ಹಲವು ತಮ್ಮೊಳಗೆ ವಲಸೆ ಮಾಹಿತಿಯನ್ನು ಹಂಚಿಕೊಳ್ಳುತ್ತವೆ. ಹಿಂದಿನ ತಿರಸ್ಕಾರವನ್ನು ವಿವರಿಸಿ ಒಪ್ಪಿಸಲು ಸಾಧ್ಯ, ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಅದು ಸುಳ್ಳು ಹೇಳಿಕೆಯ ಪ್ರಕರಣವಾಗಿ ವರ್ಷಗಟ್ಟಲೆಯ ನಿಷೇಧಕ್ಕೆ ದಾರಿಯಾಗುತ್ತದೆ.